ಬಾಯಿಗೆ ಒತ್ತಿದ ಮುಷ್ಟಿ

ಅಪ್ಪಯ್ಯನ ಕಾರು ನಿಂತಲ್ಲೇ ನಡುಗಲು ಶುರುವಾದದ್ದು ಆಗಸ್ಟ್ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಅವರಿಗೆ ಲಕ್ವ ಹೊಡೆದು ಐದು ವಾರ ಕಳೆದಿತ್ತು. ಒಂದು ಮನುಷ್ಯನ ಮೈಗೆ ಬಂದದ್ದು, ಇನ್ನೊಂದು ತಗಡಿನ ಡಬ್ಬಿಗೆ ಬಂದದ್ದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಾರದು ಎಂದು ಯಾರಾದರೂ ಅಂದಾರು. ಆದರೆ ನನಗೆ ಆ ತಿಂಗಳುಗಳು ನೆನಪಾಗುವುದೇ ಹಾಗೆ. ಎಡಗಡೆ ಸೀಟಿನಲ್ಲಿ ಮಾತು ಹೋದ ಅಪ್ಪಯ್ಯ, ಮುಂದೆ ಬಾನೆಟ್ಟಿನ ಕೆಳಗೆ ಕೆಮ್ಮುವ ಇಂಜಿನ್, ಸ್ಟೇರಿಂಗ್ ಹಿಡಿದು ಯಾವುದನ್ನೂ ಸರಿಯಾಗಿ ಕೇಳಿಸಿಕೊಳ್ಳದೆ ಕೂತ ನಾನು.

ನಾನು ತ್ರಾಸಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ರವಿಕೆ, ಚೂಡಿದಾರ, ಮೇ ತಿಂಗಳು ಬಂತೆಂದರೆ ಶಾಲೆಯ ಯೂನಿಫಾರ್ಮು. ವಯಸ್ಸು ಐವತ್ತು ದಾಟಿದೆ. ಮದುವೆಯಾಗಲಿಲ್ಲ, ಅದರ ಕತೆ ಇಲ್ಲಿ ಬೇಡ. ಅಮ್ಮ ತೀರಿಹೋಗಿ ತುಂಬ ವರ್ಷವಾಯಿತು, ಅಣ್ಣ ಮುಂಬೈಯಲ್ಲಿ ಹೋಟೆಲಿನ ಕೆಲಸ ಹಿಡಿದು ಅಲ್ಲಿಯವನೇ ಆಗಿದ್ದಾನೆ. ಮನೆಯಲ್ಲಿ ನಾನು, ಅಪ್ಪಯ್ಯ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಿರಾಕಿಗಳೇ ನನ್ನೆದುರು ಹೇಳುತ್ತಾರೆ.

ಅಪ್ಪಯ್ಯ ನಲವತ್ತು ವರ್ಷ ಗಂಗೊಳ್ಳಿ ಬಂದರಿನ ಬೋಟುಗಳಲ್ಲಿ ಡ್ರೈವರ್ ಆಗಿದ್ದವರು. ಡ್ರೈವರ್ ಎಂದರೆ ಇಂಜಿನ್ ನೋಡಿಕೊಳ್ಳುವವ. ಸಮುದ್ರ ಬಿಟ್ಟ ವರ್ಷ ಈ ಹಳೆಯ ಪೆಟ್ರೋಲ್ ಕಾರು ತಂದರು. ನನಗೆ ಓಡಿಸಲು ಕಲಿಸಿದ್ದೂ ಅವರೇ. ಗೇರಿನ ವಿಷಯ ಎರಡೇ ದಿನದಲ್ಲಿ ಮುಗಿಸಿ, ಆಮೇಲೆ ಒಂದು ವಾರ ಬರೀ ಶಬ್ದ ಕೇಳಿಸಿದರು. "ಕಣ್ಣಂಗ್ ಕಂಡ್ರೆ ಸಾಕಾತಿಲ್ಲೆ, ಕೆಮಿ ಕೊಡ್ ಹೆಣೆ. ಇಂಜಿನ್ ಎಂತ ಹೇಳತ್ತ್ ಕೇಣ್," ಅನ್ನುತ್ತಿದ್ದರು. ಮಗಳನ್ನು ಹೆಣೆ ಎಂದು ಕರೆಯುವುದು ನಮ್ಮ ಕಡೆಯ ರೂಢಿ. ನಾನು ಕಿವಿ ಕೊಟ್ಟಂತೆ ಮಾಡಿ ಅಂದು ಸಂಜೆ ಕೊಡಬೇಕಾದ ರವಿಕೆಗಳ ಲೆಕ್ಕ ಹಾಕುತ್ತಿದ್ದೆ.

ಮಳೆಗಾಲ ಬಂದರೆ ನಮ್ಮ ಮನೆಯಿಂದ ಟಾರು ರಸ್ತೆಗೆ ಹೋಗುವ ಮಣ್ಣಿನ ದಾರಿಯಲ್ಲಿ ಮೊಣಕಾಲು ನೀರು. ಜೂನ್ ಮೊದಲ ವಾರ ಅಪ್ಪಯ್ಯ ಕಾರನ್ನು ಶೀಟಿನ ಮಾಡಿನಡಿ ನಿಲ್ಲಿಸಿ, ಟಾರ್ಪಾಲು ಹೊದಿಸಿ, ಹಗ್ಗ ಬಿಗಿದುಬಿಡುತ್ತಿದ್ದರು. ಮತ್ತೆ ಅದನ್ನು ಹೊರಗೆ ತೆಗೆಯುವುದು ಆಗಸ್ಟಿನಲ್ಲೇ. ಮಳೆಗಾಲದ ರಜೆಗೆ ಬೋಟುಗಳು ದಡ ಹತ್ತುವಾಗ ಕಾರೂ ದಡ ಹತ್ತುತ್ತದೆ ಎಂದು ನಾನು ತಮಾಷೆ ಮಾಡುತ್ತಿದ್ದೆ. ಟಾರ್ಪಾಲು ಹೊದಿಸುವ ಮೊದಲು ಒಂದು ಗಂಟೆ ಬಾನೆಟ್ ಎತ್ತಿ ಅದೇನೋ ಮಾಡುತ್ತಿರುತ್ತಿದ್ದರು. ಅದಕ್ಕೂ ಮುಂಚೆ ಅಂಗಡಿಗೆ ಬಂದು, "ಚೂರ್ ಬಟ್ಟೆ ಇದ್ರೆ ಕೊಡ್," ಎಂದು ಕೇಳಿ ಒಯ್ಯುತ್ತಿದ್ದರು. ಒರೆಸುವುದಕ್ಕಿರಬೇಕು ಎಂದುಕೊಂಡಿದ್ದೆ. ಕೇಳಿದ್ದರೆ ಹೇಳುತ್ತಿದ್ದರು; ಕೇಳುವಷ್ಟು ಕುತೂಹಲ ನನಗಿರಲಿಲ್ಲ.

ಜುಲೈಯ ಒಂದು ಬೆಳಿಗ್ಗೆ ಚಾ ಕುಡಿಯುತ್ತಿದ್ದವರ ಕೈಯಿಂದ ಲೋಟ ಜಾರಿತು. ಬಲಗೈ, ಬಲಗಾಲು ಹೋದವು, ಮಾತು ಹೋಯಿತು. ಆಸ್ಪತ್ರೆಯಲ್ಲಿ ಇಪ್ಪತ್ತು ದಿನ. ಇವರಿಗೆ ನಾವು ಹೇಳುವುದು ತಿಳಿಯುತ್ತದೆಯೇ ಎಂದು ಡಾಕ್ಟರನ್ನು ಕೇಳಿದೆ. ಈಗಲೇ ಹೇಳಲಾಗದು, ಮಾತಾಡಿಸುತ್ತಾ ಇರಿ, ಕಾದು ನೋಡೋಣ ಅಂದರು. ಕಾಯುವ ತಾಳ್ಮೆ ನಮಗೆಲ್ಲಿತ್ತು? ಊಟ ಬೇಕಾ ಎಂದರೆ ತಲೆಯಾಡಿಸುತ್ತಿದ್ದರು, ಬೇಡವಾ ಎಂದರೂ ತಲೆಯಾಡಿಸುತ್ತಿದ್ದರು. ಅಣ್ಣ ವೀಡಿಯೋ ಕಾಲ್ ಮಾಡಿ, "ಅಪ್ಪಯ್ಯ, ನಾನ್ ಯಾರ್ ಹೇಳಿ ಕಾಂಬ," ಎಂದು ಚಿಕ್ಕ ಮಗುವನ್ನು ಕೇಳುವಂತೆ ಮೂರು ಸಲ ಕೇಳಿದಾಗ ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಗುರುತು ಸಿಗುತ್ತಿಲ್ಲ ಎಂದು ಅಣ್ಣ ತೀರ್ಮಾನ ಮಾಡಿದ. ನಾನೂ ಒಪ್ಪಿಕೊಂಡೆ. ಅವಮಾನವಾಗಿರಬಹುದು ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ನನಗೆ ಆಗ ದುಃಖವಾಗಬೇಕಿತ್ತು. ಆಗಲಿಲ್ಲ. ಬೆಳಿಗ್ಗೆ ಎದ್ದು ಅವರ ಬಟ್ಟೆ ಬದಲಿಸುತ್ತಿದ್ದೆ, ಗಂಜಿ ಕಿವುಚಿ ಚಮಚದಲ್ಲಿ ಕೊಡುತ್ತಿದ್ದೆ, ಮಗ್ಗುಲು ಬದಲಿಸುತ್ತಿದ್ದೆ, ಅಂಗಡಿಗೆ ಹೋಗಿ ಮಿಷನ್ ತುಳಿಯುತ್ತಿದ್ದೆ, ಮಧ್ಯಾಹ್ನ ಬಂದು ಮತ್ತೆ ಅದನ್ನೇ ಮಾಡುತ್ತಿದ್ದೆ. ತುಂಬ ಹೊತ್ತು ಮಡಚಿ ಕೂತ ಕಾಲು ಜೋಮು ಹಿಡಿದಿರುತ್ತದಲ್ಲ, ಮುಟ್ಟಿದರೆ ನಮ್ಮದೇ ಎಂದು ಗೊತ್ತಾಗುವುದಿಲ್ಲ. ನಾನು ಪೂರ್ತಿ ಹಾಗಿದ್ದೆ. ನೋಡಲು ಬಂದವರು ಕಣ್ಣೊರೆಸಿಕೊಂಡರೆ ನನಗೆ ಸಿಟ್ಟು ಬರುತ್ತಿತ್ತು.

ವಾರಕ್ಕೆರಡು ಸಲ ಕುಂದಾಪುರಕ್ಕೆ ವ್ಯಾಯಾಮ ಮಾಡಿಸಲು ಕರೆದೊಯ್ಯಬೇಕಾಗಿತ್ತು. ನೀರಿಳಿದ ಮೇಲೆ ಟಾರ್ಪಾಲು ಬಿಚ್ಚಿ ಕಾರು ತೆಗೆದೆ. ಮೂರನೇ ಸಲಕ್ಕೆ ಸ್ಟಾರ್ಟ್ ಆಯಿತು. ಆದರೆ ನಿಂತಲ್ಲಿ ನಿಲ್ಲದೆ ಗಡಗಡ ನಡುಗುತ್ತಿತ್ತು. ಎಕ್ಸಲರೇಟರಿನಿಂದ ಕಾಲು ತೆಗೆದರೆ ಸತ್ತೇ ಹೋಗುತ್ತಿತ್ತು. ಒಮ್ಮೆ ಬಿಸಿಯಲ್ಲಿ ನಿಂತರೆ ಮತ್ತೆ ಅರ್ಧ ಗಂಟೆ ಎಷ್ಟು ಕೀಲಿ ತಿರುಗಿಸಿದರೂ ಸುಮ್ಮನೆ ಕಿರುಚುವುದು, ಪೆಟ್ರೋಲಿನ ವಾಸನೆ ಬರುವುದು, ಅಷ್ಟೇ.

ಅಪ್ಪಯ್ಯ ಆ ಸನ್ನೆ ಮಾಡಿದ್ದು ಮೊದಲ ದಿನವೇ. ಎಡಗೈಯನ್ನು ಮುಷ್ಟಿ ಕಟ್ಟಿ ಬಾಯಿಗೆ ಒತ್ತಿದರು, ಮತ್ತೆ ಜೋರಾಗಿ ಹೊರಗೆಳೆದರು. ನನ್ನ ಮುಖ ನೋಡಿದರು. ಮತ್ತೊಮ್ಮೆ ಒತ್ತಿದರು, ಎಳೆದರು. ಬಾಯಾರಿಕೆ ಎಂದುಕೊಂಡು ಬದಿಗೆ ನಿಲ್ಲಿಸಿ ನೀರು ಕೊಟ್ಟೆ. ಕೈಯಿಂದ ತಳ್ಳಿ ಚೆಲ್ಲಿದರು. ಅಂಗಿಯೆಲ್ಲ ಒದ್ದೆ. "ಎಂತ ಬೇಕ್ ನಿಮ್ಗೆ? ಸುಮ್ನೆ ಕೂಕಣಿ," ಎಂದು ಗದರಿದೆ.

ಎರಡನೇ ಸಲ, ಮೂರನೇ ಸಲ, ಕಾರು ಹತ್ತಿದಾಗಲೆಲ್ಲ ಅದೇ ಸನ್ನೆ. ವಾಂತಿ ಬರುತ್ತಿದೆ ಎಂದು ನಾನು ಖಚಿತ ಮಾಡಿಕೊಂಡೆ. ಅವರ ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇಟ್ಟೆ. ಡಾಕ್ಟರಿಗೆ ಹೇಳಿ ಪ್ರಯಾಣದ ವಾಂತಿಗೆ ಮಾತ್ರೆ ಬರೆಸಿಕೊಂಡು, ಹೊರಡುವ ಮೊದಲು ಬೆಲ್ಲದ ಜೊತೆ ಅರೆದು ತಿನ್ನಿಸಿದೆ. ನಲವತ್ತು ವರ್ಷ ಹೊಳೆ ಸಮುದ್ರ ಸೇರುವ ಅಳಿವೆ ದಾಟಿ ಹೋದವರಿಗೆ, ಹೊಸಬರು ಬೋಟಿನ ಅಂಚು ಹಿಡಿದು ವಾಂತಿ ಮಾಡುವುದನ್ನು ಅಭಿನಯಿಸಿ ತೋರಿಸಿ ನಮ್ಮನ್ನು ನಗಿಸುತ್ತಿದ್ದವರಿಗೆ, ತ್ರಾಸಿಯಿಂದ ಕುಂದಾಪುರದವರೆಗಿನ ನೇರ ರಸ್ತೆಯಲ್ಲಿ ವಾಂತಿ ಬರುತ್ತದೆ ಎಂದು ನಂಬಿದೆನಲ್ಲ! ಆ ಮಾತ್ರೆಯಿಂದ ಅವರಿಗೆ ತೂಕಡಿಕೆ ಬರುತ್ತಿತ್ತು. ತೂಕಡಿಸುತ್ತಲೇ ಮುಷ್ಟಿಯನ್ನು ಬಾಯಿಗೆ ತರುತ್ತಿದ್ದರು.

ಕಾರನ್ನು ಕುಂದಾಪುರದ ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿದೆ. ಆತ ಪ್ಲಗ್ಗುಗಳನ್ನು ಬಿಚ್ಚಿ ನೋಡಿದ. ಮಸಿ ಹಿಡಿದಿದ್ದವು. ಹೊಸದು ಹಾಕಿದ. ಎರಡು ದಿನ ಸ್ವಲ್ಪ ಪರವಾಗಿಲ್ಲ ಅನಿಸಿತು, ಮತ್ತೆ ಅದೇ ಹಾಡು. ಎರಡನೇ ಸಲ ಬ್ಯಾಟರಿ ಬದಲಾಯಿತು, ಮೂರನೇ ಸಲ ಪೆಟ್ರೋಲಿನ ಪೈಪು ಸ್ವಚ್ಛವಾಯಿತು. ಗಾಳಿ ಸೋಸುವ ಫಿಲ್ಟರಿನ ಡಬ್ಬಿಯನ್ನೂ ತೆರೆದು ನೋಡಿದ. ಫಿಲ್ಟರ್ ಹೊಸದರಂತೆ ಬೆಳ್ಳಗಿತ್ತು. "ಗಾಳಿದ್ ಎಂತ ತೊಂದ್ರಿ ಇಲ್ಲೆ ಅಕ್ಕ," ಎಂದು ಡಬ್ಬಿ ಮುಚ್ಚಿದ. ಅಲ್ಲಿಗೆ ಆ ದಾರಿ ಮುಚ್ಚಿತು. ನಾನೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಸಿಗ್ನಲ್ಲಿನಲ್ಲಿ ಎಕ್ಸಲರೇಟರ್ ಒತ್ತಿ ಹಿಡಿದರೆ ಸಾಯುವುದಿಲ್ಲ ಎಂದು ಕಂಡುಕೊಂಡು ಹಾಗೇ ಓಡಿಸಿದೆ. ಆಗ ಎಲ್ಲವನ್ನೂ ಹಾಗೇ ಓಡಿಸುತ್ತಿದ್ದೆ.

ಅಕ್ಟೋಬರಿನಲ್ಲಿ ನನ್ನ ಸೊಂಟ ಕೈಕೊಟ್ಟಿತು. ಅವರನ್ನು ಎತ್ತುವಾಗ ಒಮ್ಮೆ ಇಬ್ಬರೂ ಬಚ್ಚಲಲ್ಲಿ ಕುಸಿದು, ನೆರೆಮನೆಯವರು ಬಂದು ಎತ್ತಬೇಕಾಯಿತು. ಅಣ್ಣ ಫೋನ್ ಮಾಡಿದ. ಬ್ರಹ್ಮಾವರದಿಂದ ಒಳಗೆ, ಬಾರ್ಕೂರು ರಸ್ತೆಯಲ್ಲಿ, ಇಂಥವರನ್ನು ನೋಡಿಕೊಳ್ಳುವ ಒಂದು ಕೇಂದ್ರವಿದೆಯಂತೆ, ಅವನು ವಿಚಾರಿಸಿದ್ದ. "ಅಪ್ಪಯ್ಯಂಗ್ ಈಗ ಎಲ್ಲಿದ್ರೂ ಒಂದೇ. ನಿನ್ ಸೊಂಟ ಹೋರೆ ನಿನ್ನ ಕಾಂಬುಕ್ ಯಾರಿದ್ರ್?" ಅಂದ. ತಪ್ಪು ಮಾತಲ್ಲ. ಅವನಿಗೆ ನನ್ನ ಮೇಲೆ ಕಾಳಜಿಯೇ. ಮೂರು ವಾರ ನಾವು ಇದನ್ನು ಮಾತಾಡಿದೆವು. ನನ್ನ ಎರಡು ಕೈಗೂ ಕೆಲಸ ಇರುತ್ತಿದ್ದುದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಅಪ್ಪಯ್ಯನ ಮಂಚದ ಮೇಲೇ ಇಟ್ಟುಕೊಳ್ಳುತ್ತಿದ್ದೆ. ಯಾವ ಕೋಣೆ, ತಿಂಗಳಿಗೆ ಎಷ್ಟು ಸಲ ಹೋಗಿ ನೋಡಬಹುದು, ಮನೆಗೆ ಹೋಗುತ್ತೇನೆಂದು ಹಟ ಮಾಡಿದರೆ ಏನು ಮಾಡುತ್ತಾರೆ, ಎಲ್ಲ ಅವರ ಕಾಲಿನ ಬುಡದಲ್ಲೇ.

ಒಗೆಯುವಾಗ ಬೆರಕೆಯಾಗದಂತೆ ಬಟ್ಟೆಗಳಿಗೆಲ್ಲ ಗುರುತು ಹಾಕಿ ತನ್ನಿ ಎಂದು ಆ ಕೇಂದ್ರದವರು ಹೇಳಿದ್ದರು. ನಾನು ಹೊಲಿಗೆಯವಳು, ಪೆನ್ನಿನಲ್ಲಿ ಬರೆದರೆ ನನಗೆ ಅವಮಾನ. ಆರು ಲುಂಗಿ, ಆರು ಅಂಗಿ, ಮೈ ಒರೆಸುವ ನಾಲ್ಕು ಬೈರಾಸು. ಒಂದೊಂದರ ಮೂಲೆಗೂ ಕೆಂಪು ನೂಲಿನಲ್ಲಿ ಅವರ ಹೆಸರಿನ ಮೊದಲ ಅಕ್ಷರ ಕೈಯಲ್ಲೇ ಹಾಕಿದೆ. ನಾಲ್ಕು ಮಧ್ಯಾಹ್ನ ಹಿಡಿಯಿತು. ಮಂಚದ ಪಕ್ಕ ಸ್ಟೂಲು ಹಾಕಿ ಕೂತು ಹೊಲಿಯುತ್ತಿದ್ದೆ. ಅವರು ನೋಡುತ್ತಾ ಮಲಗಿರುತ್ತಿದ್ದರು.

ಹೊರಟ ದಿನ ಒಳ್ಳೆಯ ಬಿಸಿಲು. ಬಟ್ಟೆಯ ಚೀಲವನ್ನು ಹಿಂದಿನ ಸೀಟಿನಲ್ಲಿಟ್ಟೆ. ನೆರೆಮನೆಯವರು ಹಿಡಿದು ಅಪ್ಪಯ್ಯನನ್ನು ಕೂರಿಸಿದರು. ಅಂದು ಮಾತ್ರೆ ಕೊಡಲು ಮರೆತಿದ್ದೆ. ಹೆಮ್ಮಾಡಿ ದಾಟುವಾಗಲೇ ಇಂಜಿನ್ ಎಳೆಯಲಾರದೆ ಮುಗ್ಗರಿಸತೊಡಗಿತು. ಸೇತುವೆ ಏರುವಾಗ ಹಿಂದಿನ ಬಸ್ಸಿನವ ಹಾರ್ನು ಹೊಡೆದು ಬೈದು ಹೋದ. ಕೋಟೇಶ್ವರದಲ್ಲಿ ಸರ್ವಿಸ್ ರಸ್ತೆಗೆ ಇಳಿಸುವಷ್ಟರಲ್ಲಿ ಎರಡು ಸಲ ಹಾರಿ, ನಿಂತುಹೋಯಿತು. ಕೀಲಿ ತಿರುಗಿಸಿದೆ. ಮತ್ತೆ ತಿರುಗಿಸಿದೆ. ಪಕ್ಕದಲ್ಲಿ ಅಪ್ಪಯ್ಯ ಮುಷ್ಟಿ ಒತ್ತಿ ಎಳೆದರು, ಒತ್ತಿ ಎಳೆದರು.

"ಹ್ವಾಯ್, ಸಾಕ್ ಬಿಡಿ, ಬ್ಯಾಟ್ರಿ ಸಾಯತ್ತ್!" ರಸ್ತೆಯಾಚೆ ತಗಡಿನ ಶೆಡ್ಡಿನಿಂದ ಒಬ್ಬರು ಕೂಗಿದರು. ಬೈಕು, ನೀರಿನ ಪಂಪು ರಿಪೇರಿ ಮಾಡುವ ಮುದುಕ ಮೆಕ್ಯಾನಿಕ್. ಕೈ ಒರೆಸಿಕೊಳ್ಳುತ್ತಾ ಬಂದು ಬಾನೆಟ್ ಎತ್ತಿಸಿದರು. ಒಂದು ಪ್ಲಗ್ ಬಿಚ್ಚಿ ನನಗೆ ತೋರಿಸಿದರು. ಹೊಸ ಪ್ಲಗ್, ಆಗಲೇ ಮಸಿ, ಮೇಲೆ ಪೆಟ್ರೋಲಿನ ಪಸೆ.

"ಪೆಟ್ರೋಲ್ ಬತ್ತ್, ಕಿಡಿಯೂ ಬತ್ತ್. ಇದಕ್ಕೆ ಗಾಳಿ ಸಾಲುದಿಲ್ಲೆ," ಅಂದರು.

"ಫಿಲ್ಟರ್ ಕಂಡಾಯ್ತ್. ಕ್ಲೀನ್ ಇತ್ತ್," ಅಂದೆ.

ಅವರೂ ಡಬ್ಬಿ ತೆರೆದು ನೋಡಿದರು. ಬೆಳ್ಳಗಿತ್ತು. ತಲೆ ಕೆರೆದುಕೊಂಡರು. ಅಷ್ಟರಲ್ಲಿ ಒಳಗಿನಿಂದ ದಬದಬ ಶಬ್ದ. ಅಪ್ಪಯ್ಯ ಎಡಗೈಯಿಂದ ಡ್ಯಾಶ್‌ಬೋರ್ಡ್ ಬಡಿಯುತ್ತಿದ್ದರು. ನಾವು ನೋಡಿದೊಡನೆ ಮುಷ್ಟಿಯನ್ನು ಬಾಯಿಗೆ ಒತ್ತಿ ಎಳೆದರು.

"ಎಂತ ಹೇಳ್ತ್ರ್ ಅವ್ರ್?" ಮೆಕ್ಯಾನಿಕ್ ಕೇಳಿದರು.

ನಾನು ಹೋಗಿ ಬಾಗಿಲು ತೆರೆದು ಅಪ್ಪಯ್ಯನ ಆ ಕೈಯನ್ನು ಹಿಡಿದು ಮಡಿಲಿಗೆ ಒತ್ತಿದೆ. ಒತ್ತಿ ಹಿಡಿದೇ ಹೇಳಿದೆ: "ಅವ್ರಿಗೆ ಎಂತದೂ ಗೊತ್ತಾತಿಲ್ಲೆ. ನೀವ್ ನಿಮ್ ಕೆಲ್ಸ ಕಾಣಿ." ಆ ಮಾತು ಹೇಳುವಾಗ ನನ್ನ ಅಂಗೈಯ ಕೆಳಗೆ ಅವರ ಮುಷ್ಟಿ ಇನ್ನೂ ಬಿಗಿಯಾಗಿಯೇ ಇತ್ತು.

ಮುದುಕರು ಅಲ್ಲಾಡಲಿಲ್ಲ. ಅಪ್ಪಯ್ಯನನ್ನೇ ನೋಡುತ್ತಾ, "ಮುಂಚೆ ಎಂತ ಕೆಲ್ಸ ಇವ್ರದ್ದ್?" ಅಂದರು.

"ಬೋಟಂಗ್ ಡ್ರೈವರ್."

"ಮಳಿಗಾಲದಂಗ್ ಕಾರ್ ನಿಲ್ಸಿ ಇಟ್ಟಿದ್ರಾ?"

ಹೌದು ಅಂದೆ. ಅವರು ಶೆಡ್ಡಿಗೆ ಹೋಗಿ ತುದಿ ಬಗ್ಗಿಸಿದ ಒಂದು ತಂತಿ ತಂದರು. ಫಿಲ್ಟರಿನ ಡಬ್ಬಿಗೂ ಮುಂಚೆ ಒಂದು ದಪ್ಪ ಪೈಪಿದೆ. ಹೊರಗಿನ ಗಾಳಿಯನ್ನು ಎಳೆದುಕೊಳ್ಳುವ ಅದರ ಬಾಯಿ ಹೆಡ್‌ಲೈಟಿನ ಹಿಂದೆ ಅಡಗಿರುತ್ತದೆ. ಅದರೊಳಗೆ ತಂತಿ ತೂರಿಸಿ, ತಿರುಚಿ, ಎಳೆದರು. ಬಂತು. ಒದ್ದೆ, ಕಪ್ಪು, ಮುಗ್ಗಲು ವಾಸನೆಯ ಬಟ್ಟೆಯ ಮುದ್ದೆ. ಮತ್ತೆ ತಂತಿ ಹಾಕಿದರು, ಇನ್ನೊಂದು ತುಂಡು ಬಂತು.

"ಬೋಟ್ ಮೇಲ್ ಹತ್ಸಿರ್ ಮೇಲೆ ಇಂಜಿನ್ನಿನ ಬಾಯಿಗ್ ಬಟ್ಟೆ ತುಂಬ್ತ್ರಲೆ, ಮಳಿ ನೀರ್, ಥಂಡಿ ಒಳ್ಗ್ ಹೋಪುಕಾಗ ಅಂದ್ಹೇಳಿ. ಇವ್ರ್ ಕಾರಿಗೂ ಹಾಂಗೇ ಮಾಡಿರ್," ಅಂದರು ಮುದುಕರು. "ಮೊದ್ಲ್ ಬಾಯಲ್ಲೇ ಇದ್ದದ್ದ್, ಇಂಜಿನ್ ಎಳ್ದ್ ಎಳ್ದ್ ಒಳ್ಗ್ ಹೋಯ್ತ್. ಹೋಯಿ, ಮೊದ್ಲಿಂದ ನಿಮ್ಗೆ ಅದನ್ನೇ ಹೇಳ್ತಿದ್ರಲೆ ಇವ್ರ್."

ಬಟ್ಟೆಯನ್ನು ಬಿಡಿಸಿ ನೋಡಿದೆ. ಮಸಿಯ ನಡುವೆ ನೀಲಿ ಚೌಕುಳಿ. ಮೇ ತಿಂಗಳಲ್ಲಿ ನಾನೇ ಕತ್ತರಿಸಿದ ಶಾಲೆ ಯೂನಿಫಾರ್ಮಿನ ಚೂರು. ಕತ್ತರಿಯ ಅಂಚು ನನ್ನದೇ ಎಂದು ನೋಡಿದರೆ ಗೊತ್ತಾಗುತ್ತದೆ.

ಆಗ ಒಂದೊಂದಾಗಿ ನೆನಪಾಯಿತು. ಮನೆಯಲ್ಲಿ ಅವರು ಆ ಸನ್ನೆಯನ್ನು ಒಂದು ದಿನವೂ ಮಾಡಿರಲಿಲ್ಲ. ಊಟಕ್ಕಲ್ಲ, ನೀರಿಗಲ್ಲ, ವಾಂತಿಗಲ್ಲ. ಕಾರಿನಲ್ಲಿ ಮಾತ್ರ. ಎರಡೂವರೆ ತಿಂಗಳು. ನಾನು ಚಿಕ್ಕವಳಿದ್ದಾಗ ಬಂದರಿನಲ್ಲಿ, ರಜೆ ಮುಗಿದು ಬೋಟು ಇಳಿಸುವ ದಿನ, ಇಂಜಿನಿನ ಬಾಯಿಂದ ಬಟ್ಟೆ ಎಳೆದು ಅಪ್ಪಯ್ಯ ನನ್ನ ಮೇಲೆ ಎಸೆಯುತ್ತಿದ್ದದ್ದೂ ನೆನಪಾಯಿತು. ಅದು ಗೊತ್ತಿದ್ದವಳೇ ನಾನು. ನನಗೆ ಹೊಳೆಯದಿದ್ದದ್ದು ಮುದುಕರಿಗೆ ಒಂದು ನೋಟದಲ್ಲಿ ಹೊಳೆಯಿತು, ಏಕೆಂದರೆ ಅವರು ಅಪ್ಪಯ್ಯನ ಮುಖ ನೋಡಿದರು.

ಕೀಲಿ ತಿರುಗಿಸಿದೆ. ನಾಲ್ಕಾರು ಸಲ ಉಗುಳಿ, ಕಪ್ಪು ಹೊಗೆ ಬಿಟ್ಟು, ಹಿಡಿದುಕೊಂಡಿತು. ಮೆಲ್ಲಗೆ ಕಾಲು ತೆಗೆದೆ. ಸಾಯಲಿಲ್ಲ. ಒಂದೇ ಸಮ, ನಡುಕವಿಲ್ಲ. ಅಪ್ಪಯ್ಯ ತಲೆಯನ್ನು ಸ್ವಲ್ಪ ಓರೆ ಮಾಡಿ ಕೇಳಿದರು, ಆಮೇಲೆ ಎಡಗೈಯನ್ನು ತೊಡೆಯ ಮೇಲೆ ಬಿಚ್ಚಿ ಇಟ್ಟರು.

ಆ ಬಿಚ್ಚಿದ ಕೈ ನೋಡುವಾಗ ನನಗೆ ಉಳಿದದ್ದು ತಿಳಿಯಿತು. ಬಟ್ಟೆಯ ವಿಷಯ ನೆನಪಿದ್ದವರಿಗೆ, ಅದನ್ನು ಹೇಳಬೇಕೆಂದು ಗೊತ್ತಿದ್ದವರಿಗೆ, ಉಳಿದದ್ದೂ ಗೊತ್ತಿತ್ತು. ಸ್ಪೀಕರಿನಲ್ಲಿ ಆಡಿದ ಮೂರು ವಾರದ ಮಾತು. ಎಲ್ಲಿದ್ದರೂ ಒಂದೇ ಎಂದದ್ದು. ನಾಲ್ಕು ಮಧ್ಯಾಹ್ನ ಅವರ ಕಣ್ಣೆದುರಿಗೇ ಕೂತು ನಾನು ಹಾಕಿದ ಕೆಂಪು ಅಕ್ಷರ. ಇವತ್ತು ಈ ಕಾರು ಎಲ್ಲಿಗೆ ಹೊರಟಿದೆ ಎನ್ನುವುದು.

ಮುದುಕರು ಶೆಡ್ಡಿಗೆ ಮರಳಿದ್ದರು. "ಅಪ್ಪಯ್ಯ," ಅಂದೆ. ತಿಂಗಳುಗಳ ನಂತರ ಮೊದಲ ಸಲ ಉತ್ತರಕ್ಕೆ ಕಾಯುತ್ತಾ ಕೇಳಿದೆ. "ಎಲ್ಲಿಗ್ ಹೋಪ್ದ್ ಅಂದ್ಹೇಳಿ ನಿಮ್ಗೆ ಗೊತ್ತಿತ್ತಾ?"

ಅವರು ತಲೆಯಾಡಿಸಲಿಲ್ಲ. ಕತ್ತು ತಿರುಗಿಸಿ ಹಿಂದಿನ ಸೀಟಿನ ಚೀಲವನ್ನು ನೋಡಿದರು. ಮತ್ತೆ ಮುಂದಕ್ಕೆ ತಿರುಗಿ, ಅಂಗೈ ಚಾಚಿ ರಸ್ತೆಯ ಕಡೆ ಮೆಲ್ಲಗೆ ಎರಡು ಸಲ ತಳ್ಳಿದರು. ಅಳಿವೆಯಲ್ಲಿ ಬೋಟಿಗೆ ದಾರಿ ಸಿಕ್ಕಾಗ ಮಾಡುವ ಸನ್ನೆ ಅದು. ಹೋಗು ಎಂದು.

ತನ್ನನ್ನು ಬಿಟ್ಟು ಬರಲು ಹೊರಟ ಕಾರನ್ನು ಸರಿಮಾಡುವುದು ಹೇಗೆಂದು ಅವರು ನನಗೆ ಅಷ್ಟು ಹೊತ್ತೂ ಹೇಳುತ್ತಿದ್ದರು. ನನಗೆ ಅಳು ಬಂತು. ಜುಲೈಯಿಂದ ಬಾರದೇ ಇದ್ದದ್ದು, ಸರ್ವಿಸ್ ರಸ್ತೆಯಲ್ಲಿ, ಹಗಲು ಹೊತ್ತಿನಲ್ಲಿ, ಮೀನಿನ ಗಾಡಿಯವರು ನೋಡುತ್ತಿರುವಾಗ.

ಆ ಹೆದ್ದಾರಿಯಲ್ಲಿ ಹಿಂದಕ್ಕೆ ತಿರುಗಬೇಕಾದರೆ ಮೊದಲು ಒಂದಷ್ಟು ಮುಂದಕ್ಕೇ ಹೋಗಬೇಕು. ಡಿವೈಡರ್ ತೆರೆದ ಜಾಗದವರೆಗೆ ನಾನು ದಕ್ಷಿಣಕ್ಕೇ ಓಡಿಸಿದೆ. "ಮನೆಗೇ ಹೋಪ, ಮುಂದೆ ತಿರ್ಗ್ಸ್ತೆ," ಅಂದೆ. ನಂಬಿದರೋ ಇಲ್ಲವೋ, ನೆಟ್ಟಗೆ ಕೂತಿದ್ದರು. ನಾನು ನಂಬಿಸಲು ಬೇಕಾದಂಥದ್ದೇನೂ ಇಷ್ಟು ದಿನ ಮಾಡಿರಲಿಲ್ಲ. ಕಾರು ಉತ್ತರಕ್ಕೆ ತಿರುಗಿದ ಮೇಲೆ ಅವರು ತಮ್ಮ ಬದಿಯ ಕಿಟಕಿಯಿಂದ ಹೊರಗೆ ನೋಡಿದರು. ಸಮುದ್ರ ಕಾಣುವ ಜಾಗವಲ್ಲ ಅದು, ಆದರೆ ಸಮುದ್ರ ತಮ್ಮ ಬದಿಗೆ ಬಂದರೆ ಕಾರು ಊರ ಕಡೆ ಹೊರಟಿದೆ ಎಂದು ಅವರಿಗೆ ಗೊತ್ತು. ಆಮೇಲೆ ಸೀಟಿಗೆ ಒರಗಿದರು.

ಮನೆ ತಲುಪಿ ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನು, ಅಪ್ಪಯ್ಯಂಗ್ ಫೋನ್ ಕೊಡ್ ಅಂದ. ಕೊಟ್ಟು ನಾನು ಅಡುಗೆಮನೆಗೆ ಹೋದೆ. ಏನು ಮಾತಾಡಿದನೆಂದು ನನಗೆ ಗೊತ್ತಿಲ್ಲ. ಸೊಂಟ ಈಗಲೂ ನೋಯುತ್ತದೆ. ಎತ್ತಲು ಬೆಳಿಗ್ಗೆ ಒಬ್ಬ ಹೆಂಗಸು ಬರುತ್ತಾಳೆ. ಕಷ್ಟ ಕಡಿಮೆಯಾಯಿತು ಎಂದು ಸುಳ್ಳು ಹೇಳಲಾರೆ.

ಮರುದಿನ ಮಧ್ಯಾಹ್ನ ಚೀಲ ಬಿಚ್ಚಿ, ಮಂಚದ ಪಕ್ಕ ಅದೇ ಸ್ಟೂಲಿನಲ್ಲಿ ಕೂತು, ಕೆಂಪು ನೂಲು ಬಿಚ್ಚತೊಡಗಿದೆ. ಹೊಲಿಯುವಾಗ ಗಟ್ಟಿಯಾಗಿ ಹಾಕಿದ್ದೆ, ಸುಲಭಕ್ಕೆ ಬರುತ್ತಿರಲಿಲ್ಲ. ಬಟ್ಟೆಯನ್ನು ಎಳೆದು ಹಿಡಿದರೆ ಮಾತ್ರ ಬ್ಲೇಡಿನ ತುದಿ ನೂಲಿನಡಿ ಹೋಗುತ್ತದೆ. ಮೂರನೇ ಲುಂಗಿಗೆ ಬಂದಾಗ ಅಪ್ಪಯ್ಯ ಎಡಗೈ ಚಾಚಿ ಅದರ ಇನ್ನೊಂದು ತುದಿಯನ್ನು ಹಿಡಿದು ಎಳೆದರು, ಎಲ್ಲ ಬಿಚ್ಚಿ ಮುಗಿಯುವವರೆಗೂ ಬಿಡಲಿಲ್ಲ.